ಗಿರಿಯಪ್ಪ ಭಾವ ಹೊಗಳಿದ ಹುಡುಗಿ

ನಮ್ಮ ಅಕ್ಕನನ್ನು ನೋಡಲು ಬಂದ ದಿನ ಗಿರಿಯಪ್ಪ ಭಾವ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದರು, ಕಾಫಿ ಆರಿಹೋಗಿದೆ ಎಂದರು, ಅಂಗಳದ ತುಳಸಿಕಟ್ಟೆ ವಾಲಿದೆ ಎಂದರು. ಕೊನೆಗೆ ಹುಡುಗಿ ಸ್ವಲ್ಪ ಕುಳ್ಳಿ ಎಂದು ನಮ್ಮಪ್ಪನ ಮುಖಕ್ಕೇ ಹೇಳಿ ಎದ್ದು ಹೋದರು. ಅಪ್ಪ ಆ ಹೊತ್ತು ಕೋವಿ ಎಲ್ಲಿದೆ ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ಅಜ್ಜಿ ಮಾತ್ರ ಎಲೆಯಡಿಕೆ ಮೆಲ್ಲುತ್ತಾ ತಣ್ಣಗೆ ಕೂತಿದ್ದರು. "ಬ್ಯಾಡದ ಸಾಮಾನಿಗೆ ಯಾರಾದ್ರೂ ಇಷ್ಟು ಹೆಸರಿಡ್ತಾರನಾ? ಆ ಹುಡುಗ ಚೇಣಿ ವ್ಯಾಪಾರದವ್ನು. ನಾಳೆ ಬೆಳಿಗ್ಗೆ ಹೇಳಿ ಕಳಿಸ್ತಾನೆ, ನೋಡ್ತಿರು" ಎಂದರು. ಮಾರನೆಯ ದಿನ ನಾವು ಹಲ್ಲುಜ್ಜುವಷ್ಟರಲ್ಲಿ ಹುಡುಗನ ಕಡೆಯವರು ಬಂದು ಲಗ್ನ ಯಾವಾಗ ಇಟ್ಟುಕೊಳ್ಳೋಣ ಎಂದು ಜಗಲಿಯಲ್ಲಿ ಕೂತಿದ್ದರು.

ಚೇಣಿ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಅಡಿಕೆ ಇನ್ನೂ ಮರದ ಮೇಲೆ ಹಸಿರಾಗಿರುವಾಗಲೇ ಇಡೀ ತೋಟದ ಫಸಲನ್ನು ಬರೀ ಕಣ್ಣಳತೆಯಲ್ಲಿ ಅಂದಾಜು ಮಾಡಿ ಮೊದಲೇ ಹಿಡಿದುಕೊಳ್ಳುವ ವ್ಯಾಪಾರ ಅದು. ಇವತ್ತು ಮರದಲ್ಲಿ ಎಷ್ಟಿದೆ ಎಂದು ಯಾರು ಬೇಕಾದರೂ ಹೇಳಬಹುದು. ಮಳೆಗಾಲ ಕಳೆದು, ಕೊಳೆ ರೋಗ ಬಂದುಹೋಗಿ, ಉದುರುವುದೆಲ್ಲ ಉದುರಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಹೇಳಬೇಕಾದವನು ಚೇಣಿದಾರ. ಆ ಧಂದೆಗೆ ಒಂದು ಕಟ್ಟಳೆ ಇದೆ. ತೋಟದ ಯಜಮಾನ ಪಕ್ಕದಲ್ಲಿರುವಾಗ ತೋಟವನ್ನು ಹೊಗಳಬಾರದು, ಹೊಗಳಿದರೆ ರೇಟು ಏರುತ್ತದೆ. ಹಾಗಾಗಿ ಒಳ್ಳೆಯ ಅಡಿಕೆ ಕೊನೆ ತೂಗುತ್ತಿರುವ ಮರದ ಬುಡದಲ್ಲಿ ನಿಂತು, ಹೆಣದ ಮನೆಗೆ ಬಂದವರ ಮುಖ ಮಾಡಿಕೊಂಡು, "ಎಂಥ ಮಾಡೂದು, ಈ ವರ್ಷ ನಿಮ್ಗೆ ದೇವ್ರು ಹಿಂಗೆ ಮಾಡ್ಬಾರ್ದಿತ್ತು" ಎನ್ನಬೇಕು. ಬೇಡದ ತೋಟವಾದರೆ "ಚೆನ್ನಾಗಿದೆ, ಭಾಳ ಚೆನ್ನಾಗಿದೆ" ಎಂದು ಕಾಫಿ ಕುಡಿದು ಬಂದುಬಿಡಬೇಕು.

ಭಾವ ಇದನ್ನು ತಮ್ಮ ಅಪ್ಪನಿಂದ ಕಲಿತರು. ಕಲಿತದ್ದನ್ನು ತೋಟದಲ್ಲೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮನೆಗೂ ತಂದರು. ಅಕ್ಕನ ಸಾರನ್ನು ಎರಡು ಸಲ ಬಡಿಸಿಕೊಂಡು, ತಟ್ಟೆಯ ಅಂಚನ್ನು ಬೆರಳಲ್ಲಿ ಒರೆಸಿ ನೆಕ್ಕಿ, "ಹುಳಿ ಮುಂದಾಯ್ತು" ಎನ್ನುತ್ತಾರೆ. ಅಕ್ಕನ ಹೆಸರು ಮೂಕಮ್ಮ, ಹೆಸರಿನ ಗುಣ ಅವಳ ಹತ್ತಿರವೂ ಸುಳಿದಿಲ್ಲ. "ಹುಳಿ ಮುಂದಾದ್ರೆ ಮೂರನೇ ಸಲ ಹಾಕಲ್ಲ ಬಿಡಿ" ಎಂದು ಪಾತ್ರೆ ಎತ್ತಿಕೊಂಡು ಹೋಗುತ್ತಾಳೆ. ಭಾವ ಆ ಪಾತ್ರೆಯ ಹಿಂದೆಯೇ ಕಣ್ಣು ಕಳಿಸಿ ಕೂರುತ್ತಾರೆ.

ಇಂಥವರನ್ನು ವಾಲಿಬಾಲಿಗೆ ತಂದವನು ನಾನು. ನನ್ನದು ಹೊಸನಗರದಲ್ಲಿ ಫ್ಲೆಕ್ಸ್ ಅಂಗಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿ ಹೆಣ್ಣುಮಕ್ಕಳ ವಾಲಿಬಾಲ್ ಲೀಗ್ ಶುರು ಮಾಡಿದಾಗ, ಪೂರ್ಣೇಶ ಬ್ಯಾನರನ್ನು ಪುಕ್ಕಟೆ ಹಾಕಿಕೊಡುತ್ತಾನೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಹೊಸನಗರ ತಂಡದ ಕಾರ್ಯದರ್ಶಿ ಮಾಡಿದರು. ಲೀಗಿನ ಪದ್ಧತಿ ಹೀಗೆ: ಹೊಸ ಹುಡುಗಿಯರನ್ನೆಲ್ಲ ಒಂದು ಬೆಳಿಗ್ಗೆ ಆಡಿಸುತ್ತಾರೆ, ಆಮೇಲೆ ತಂಡದವರು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಮೊದಲ ವರ್ಷ ನಾನು ಎತ್ತರ ನೋಡಿ ಆರಿಸಿದೆ. ನನ್ನ ತಂಡದವರು ಗ್ರೂಪ್ ಫೋಟೋದಲ್ಲಿ ಬಹಳ ಚೆನ್ನಾಗಿ ಕಂಡರು. ಒಂದೂ ಮ್ಯಾಚ್ ಗೆಲ್ಲಲಿಲ್ಲ.

ಮುಂದಿನ ವರ್ಷ ಭಾವನನ್ನು ಎಳೆದುಕೊಂಡು ಹೋದೆ. ಅವರು ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಹುಡುಗಿಯರು ನೆಗೆದು ಹೊಡೆಯುವಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಚೆಂಡು ಬಿದ್ದ ಮೇಲೆ ತಲೆ ಎತ್ತುತ್ತಿದ್ದರು.

"ಭಾವ, ಹೊಡ್ಯೂದನ್ನ ನೋಡಿ. ಬಿದ್ಮೇಲೆ ನೋಡೂದೆಂಥ?"

"ಹೊಡ್ಯೂದು ಇವತ್ತಿನ ಕತೆ ಮಾರಾಯ. ಪಾಯಿಂಟ್ ಹೋದ್ಮೇಲೆ ಕಣ್ಣು ಎತ್ಲಾಗೆ ಹೋಗ್ತದೆ ನೋಡು. ಪಕ್ಕದವಳ ಮುಖಕ್ಕೆ ಹೋಯ್ತು ಅಂದ್ರೆ ಅದು ಉದುರೂ ಕಾಯಿ. ಚೆಂಡಿನ ಮೇಲೇ ಇತ್ತು ಅಂದ್ರೆ ನಿಲ್ತದೆ. ಮುಂದೆ ಮಳೆಗಾಲ ಇದೆ ಇವಕ್ಕೆಲ್ಲ."

ಮಳೆಗಾಲ ಎಂದರೆ ಅವರ ಲೆಕ್ಕದಲ್ಲಿ ಪರೀಕ್ಷೆ, ಮಂಡಿನೋವು, ಮೊಬೈಲು, ಮದುವೆಯ ಮಾತುಕತೆ ಎಲ್ಲವೂ. ಆ ವರ್ಷ ನಾವು ಸೆಮಿಫೈನಲ್‌ಗೆ ಹೋದೆವು. ಭಾವನ ಕಣ್ಣು ತಪ್ಪುವುದೇ ಇಲ್ಲ ಎಂದು ಯಾರೂ ತಿಳಿಯಬೇಡಿ. ಕಾವ್ಯಾ ಎಂಬ ಹುಡುಗಿಯನ್ನು "ಬಂಗಾರದಂಥ ಹುಡುಗಿ" ಎಂದು ಹೊಗಳಿ ಕೈಬಿಟ್ಟರು, ಅವಳು ತೀರ್ಥಹಳ್ಳಿ ತಂಡ ಸೇರಿ ನಮ್ಮನ್ನೇ ಚಚ್ಚಿ ಹಾಕಿದಳು. ಕೇಳಿದರೆ, "ಕೊಳೆ ಬರದ ವರ್ಷ ಅಂತನೂ ಇರ್ತದೆ" ಎಂದು ಎದ್ದು ಹೋದರು.

ಈ ಉಲ್ಟಾ ಬಾಯನ್ನು ಮೊದಲು ಪತ್ತೆ ಮಾಡಿದವನು ಸಾಗರ ತಂಡದ ಕನ್ನಪ್ಪ. ಟೈಲ್ಸ್ ಅಂಗಡಿಯವನು, ಹೊಟ್ಟೆಯ ತುಂಬ ಕುಯುಕ್ತಿ. ಭಾವ ಯಾರನ್ನು ಬಯ್ಯುತ್ತಾರೋ ಅವಳನ್ನು ತನ್ನ ಸರದಿ ಬಂದ ಕೂಡಲೇ ಎತ್ತಿಕೊಳ್ಳತೊಡಗಿದ. "ಗಿರಿಯಪ್ಪ ಬೈದದ್ದು ಬಂಗಾರ, ಹೊಗಳಿದ್ದು ಹೊಟ್ಟು" ಎಂದು ಮೂರು ತಾಲ್ಲೂಕಿನಲ್ಲಿ ಡಂಗುರ ಹೊಡೆದ. ನಾನು ಭಾವನಿಗೆ, "ಹಂಗಾದ್ರೆ ಬ್ಯಾಡದವ್ರಿಗೂ ಸ್ವಲ್ಪ ಬಯ್ರಿ, ಕನ್ನಪ್ಪ ಎತ್ಕೊಂಡು ಸಾಯ್ಲಿ" ಎಂದೆ. ಭಾವ ಪ್ರಯತ್ನ ಮಾಡಿದರು. ಮಾತು ಎರಡೇ ಹೆಜ್ಜೆಗೆ ಕುಂಟಿತು. "ಆಗಲ್ಲ ಪೂರ್ಣೇಶ. ಬಯ್ಯಲಿಕ್ಕೂ ಒಂಚೂರು ಪ್ರೀತಿ ಬೇಕು" ಎಂದರು. ಅವತ್ತಿನಿಂದ ಆರಿಸುವ ದಿನ ಅವರ ಬಾಯಿಗೆ ಎಲೆಯಡಿಕೆ ತುಂಬಿ ಕೂರಿಸುವುದೇ ನನ್ನ ಕೆಲಸವಾಯಿತು.

ಆಶಾ ನಮಗೆ ಸಿಕ್ಕಿದ್ದು ಹಾಗೆ ಬಾಯಿ ತುಂಬಿಸಿದ ವರ್ಷವೇ. ಬ್ಯಾಕೋಡಿನ ಹುಡುಗಿ, ಅಷ್ಟೇನೂ ಎತ್ತರವಿಲ್ಲ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಲಿಫ್ಟರ್. ಎಲ್ಲರೂ ಹೊಡೆದವಳಿಗೆ ಚಪ್ಪಾಳೆ ತಟ್ಟುತ್ತಾರೆ, ಎತ್ತಿಕೊಟ್ಟವಳ ಮುಖ ಯಾರೂ ನೋಡುವುದಿಲ್ಲ. ಅವಳೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಚೆಂಡನ್ನು ಮಾತ್ರ ನೋಡುತ್ತಿದ್ದಳು. ಭಾವ ಬಾಯಲ್ಲಿದ್ದ ಎಲೆಯಡಿಕೆ ಉಗಿಯದೆ ನನ್ನ ತೊಡೆ ಚಿವುಟಿದರು. ಚರ್ಮ ಕಿತ್ತು ಬಂತು. ಆರಿಸಿಕೊಂಡೆ.

ಆರಿಸಿಕೊಂಡರೆ ಮುಗಿಯಲಿಲ್ಲ, ತಾಯಿ ಒಪ್ಪಬೇಕಿತ್ತು. ಆಗಿನ್ನೂ ಸೇತುವೆ ಆಗಿರಲಿಲ್ಲ, ಲಾಂಚಿನಲ್ಲಿ ಹಿನ್ನೀರು ದಾಟಿ ಬ್ಯಾಕೋಡಿಗೆ ಹೋದೆವು. ತಾಯಿ ಮೀನಾಕ್ಷಮ್ಮ ಊಟಕ್ಕೆ ಹಾಕಿದರು. ಭಾವ ಮೀನುಸಾರಿಗೆ ಖಾರ ಸಾಲದು ಎಂದರು, ಮೀನಿಗೆ ಮುಳ್ಳು ಜಾಸ್ತಿ ಎಂದರು, ಹುಡುಗಿಯ ಮಣಿಕಟ್ಟು ಸಣ್ಣದು, ಕಾಲು ಸೊಟ್ಟ, ನಡಿಗೆ ಸರಿಯಿಲ್ಲ ಎಂದರು. ಮೀನಾಕ್ಷಮ್ಮ ಸೌಟು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು.

"ಇವ್ರು ನನ್ನ ಮಗಳನ್ನ ಕೇಳಕ್ಕೆ ಬಂದಿದಾರೋ, ಬಯ್ಯಕ್ಕೆ ಬಂದಿದಾರೋ?"

ನಾನು ಅಜ್ಜಿಯ ಕಾಲದಿಂದ ಹಿಡಿದು ಎಲ್ಲ ವಿವರಿಸಿದೆ. ಆಯಮ್ಮ ಕೇಳಿ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಬಯ್ದು ಹೇಳೋರು ಬದುಕಕ್ಕೆ ಹೇಳ್ತಾರೆ, ನಗ್ತಾ ಹೇಳೋರು ಕೆಡಕ್ಕೆ ಹೇಳ್ತಾರೆ ಅಂತ ನಮ್ಮಮ್ಮ ಹೇಳ್ತಿದ್ಲು" ಎಂದರು. ಆಮೇಲೆ ನಗು ನಿಲ್ಲಿಸಿ, ಭಾವನಿಗೆ ಒಂದು ಗಡುವು ಹಾಕಿದರು. "ಗೌಡ್ರೆ, ಎರಡು ಲೀಗ್ ಆಡ್ಲಿ. ಅಷ್ಟ್ರಲ್ಲಿ ಆಟದಿಂದ ಇವಳಿಗೊಂದು ದಾರಿ ಆಯ್ತು ಅಂದ್ರೆ ಸರಿ. ಇಲ್ದಿದ್ರೆ ಸಾಗರದಾಗೆ ನನ್ ತಂಗಿ ಬಟ್ಟೆ ಅಂಗಡಿ ಇದೆ, ಅಲ್ಲಿ ಕೂರಿಸ್ತೀನಿ. ಆಮೇಲೆ ನೀವು ಬರ್ಬಾರ್ದು, ಇವಳೂ ಅಳ್ಬಾರ್ದು."

ಬಾಗಿಲ ಹಿಂದೆ ನಿಂತಿದ್ದ ಆಶಾಳ ಮುಖ ನಾನು ನೋಡಿದೆ. ಭಾವನೂ ನೋಡಿದರು. "ಅಂಗಡಿಗೆ ಹೋಗಲ್ಲ ಅವ್ಳು. ದೊಡ್ಡ ತಂಡಕ್ಕೆ ಸೇರಿಸ್ತೀನಿ, ನನ್ ಮಾತು" ಎಂದರು. ಅಡ್ಡಮಾತಿಲ್ಲದೆ ಭಾವ ಆಡಿದ ಅಂಥ ನೇರ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಲ್ಲಿಂದ ಬಯ್ಗುಳದ ಕಾಲ ಶುರುವಾಯಿತು. "ಏ ಬ್ಯಾಕೋಡಿನ ಮೊದ್ದು", "ಏ ಸೊಟ್ಟಗಾಲಿ", "ಅದು ಚೆಂಡು ಕಣೆ, ಬಿಸಿ ಕಡುಬಲ್ಲ, ಬೆರಳು ಸುಡಲ್ಲ". ಬೇರೆ ಹುಡುಗಿಯರು ಅಯ್ಯೋ ಪಾಪ ಎಂದರೆ ಆಶಾ ನಗುತ್ತಿದ್ದಳು. ಭಾವ ಒಂದು ದಿನ ಬಯ್ಯದಿದ್ದರೆ ಮೈದಾನದ ಬದಿಗೆ ಬಂದು, "ಮಾಮ, ಹುಷಾರಿಲ್ವಾ?" ಎಂದು ಕೇಳುತ್ತಿದ್ದಳು.

ಈ ವರ್ಷ ಅವಳ ಎರಡನೆಯ ಲೀಗ್, ಅಂದರೆ ಗಡುವಿನ ವರ್ಷ. ಅಷ್ಟರಲ್ಲಿ ಬೆಂಗಳೂರಿನ ಒಂದು ವೃತ್ತಿಪರ ತಂಡದಿಂದ ಫೋನ್ ಬಂತು. ಎಳೆಯ ಆಟಗಾರ್ತಿಯರನ್ನು ಈಗಲೇ ಕರೆದೊಯ್ದು, ಹಾಸ್ಟೆಲಿನಲ್ಲಿಟ್ಟು, ಸಂಬಳ ಕೊಟ್ಟು ಬೆಳೆಸುತ್ತಾರಂತೆ. ನಮ್ಮ ಲೀಗಿನಿಂದ ಒಬ್ಬಳೇ ಒಬ್ಬಳು. ಅವಳನ್ನು ಆರಿಸಲು ಸಚಿನ್ ಎಂಬ ಹುಡುಗ ಬಂದ. ಸಣ್ಣ ಗಡ್ಡ, ಕೈಯಲ್ಲಿ ಟ್ಯಾಬ್. ಹೆಸರಿಟ್ಟ ಅಪ್ಪನ ಆಸೆ ಬೇರೆ ಇತ್ತೇನೋ, ಮಗ ಬಂದು ಸೇರಿದ್ದು ವಾಲಿಬಾಲಿಗೆ. ದಡ್ಡನಲ್ಲ, ಆಟ ಬಲ್ಲವನು. ಶನಿವಾರವಿಡೀ ಕಣ್ಣು ಪಿಳುಕಿಸದೆ ಮ್ಯಾಚ್ ನೋಡಿದ. ಸಂಜೆ ನಮ್ಮ ಹತ್ತಿರ ಬಂದು ಹೇಳಿದ:

"ನಂಗೆ ಇವತ್ತಿನ ಸ್ಕೋರ್ ಬೇಡ ಸರ್. ನಾಲ್ಕು ವರ್ಷ ಆದ್ಮೇಲೆ ಇವರಲ್ಲಿ ಯಾರು ಇರ್ತಾರೆ, ಯಾರು ಇರಲ್ಲ, ಅದು ಬೇಕು. ನನ್ನ ಪಟ್ಟಿಯಲ್ಲಿ ನಿಮ್ಮ ತಂಡದ ಇಬ್ರಿದಾರೆ, ಮೇಘನಾ ಮತ್ತೆ ಆಶಾ. ಗಿರಿಯಪ್ಪನವರ ಅಭಿಪ್ರಾಯ ಕೇಳಿ ಅಂತ ಎಲ್ರೂ ಹೇಳಿದ್ರು. ಬೆಳಿಗ್ಗೆ ಮಾತಾಡೋಣ."

ಅವನು ಹೋದ ಮೇಲೆ ಭಾವ ಖುಷಿಯಿಂದ ತೊಡೆ ತಟ್ಟಿಕೊಂಡರು. "ಇವ ಬೆಂಗಳೂರವ ಅಲ್ಲ ಮಾರಾಯ, ಚೇಣಿದಾರನೇ" ಎಂದರು.

ಆ ಶನಿವಾರ ರಾತ್ರಿ ಸಚಿನ್‌ಗೆ ಊಟ ಹಾಕಿಸಿದವನು ಕನ್ನಪ್ಪ. ಅದು ನಮಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಸಚಿನ್ ಎದುರು ಕುರ್ಚಿ ಎಳೆದು ಕೂತು, ಎರಡು ಸಲ ಗಂಟಲು ಕೆರೆದು, ಶುರು ಮಾಡಿದರು. "ಆಶಾ ಅಂದ್ರೆ... ಒಳ್ಳೆ ಹುಡುಗಿ. ಭಾಳ ಒಳ್ಳೆ ಆಟ. ಕೈ ಚೆನ್ನಾಗಿದೆ. ಕಾಲೂ... ಚೆನ್ನಾಗಿದೆ." ಭಾವನ ಹಣೆಯಲ್ಲಿ ಬೆವರೊಡೆಯಿತು. ಹೊಗಳಿಕೆಯ ಮಾತು ಅವರ ಬಾಯಲ್ಲಿ ಹೊಸ ಚಪ್ಪಲಿ ಕಚ್ಚಿದ ಹಾಗೆ ಕಚ್ಚುತ್ತಿತ್ತು. ಆದರೂ ಬಿಡಲಿಲ್ಲ. "ನಾಲ್ಕಲ್ಲ, ಹತ್ತು ವರ್ಷ ಆದ್ರೂ ನಿಲ್ತಾಳೆ. ಕಣ್ಮುಚ್ಚಿ ತಗಂಡೋಗಿ" ಎಂದು ಮುಗಿಸಿದರು.

ಸಚಿನ್ ತಲೆಯಾಡಿಸಿದ. ತುಟಿಯಲ್ಲಿ ಸಣ್ಣ ನಗು. "ಮೇಘನಾ?"

ಮೇಘನಾ ಉದ್ದದ ಹುಡುಗಿ, ಹೊಡೆತಕ್ಕೆ ಮೈದಾನ ನಡುಗುತ್ತದೆ, ತಪ್ಪಾದಾಗಲೆಲ್ಲ ಪಕ್ಕದವಳನ್ನು ದುರುಗುಟ್ಟಿ ನೋಡುತ್ತಾಳೆ. ಭಾವ ಅದನ್ನೂ ಇದ್ದಹಾಗೇ ಹೇಳಿದರು. "ಹೊಡೀತಾಳೆ. ಆದ್ರೆ ನಿಲ್ಲಲ್ಲ. ಈ ಆಟದ ಮೇಲೆ ಅವಳಿಗೆ ಮನ್ಸಿಲ್ಲ. ಬ್ಯಾಡ."

"ಓಹೋ" ಎಂದ ಸಚಿನ್. ಟ್ಯಾಬಿನಲ್ಲಿ ಏನನ್ನೋ ಒತ್ತಿ, ಬಹಳ ಗೌರವದಿಂದ ಕೈಮುಗಿದು ಎದ್ದು ಹೋದ.

ಕಬ್ಬಿನಹಾಲಿನ ಗಾಡಿಯ ಹತ್ತಿರ ಕನ್ನಪ್ಪ ಒಬ್ಬನೇ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದ. ನನ್ನನ್ನು ಕಂಡು ಲೋಟ ಎತ್ತಿದ. "ಏನ್ ಪೂರ್ಣೇಶಣ್ಣ, ನಿಮ್ ಭಾವ ಆ ಆಶಾನ್ನ ದಾಟಿಸಕ್ಕೆ ನೋಡಿದ್ರಂತೆ? ಮೇಘನಾನ ಬಚ್ಚಿಡಕ್ಕೆ ನೋಡಿದ್ರಂತೆ? ರಾತ್ರಿನೇ ಹುಡುಗಂಗೆ ಎಲ್ಲಾ ಹೇಳ್ಬಿಟ್ಟಿದೀನಿ. ಗಿರಿಯಪ್ಪ ಬೈದದ್ದು ಬಂಗಾರ, ಹೊಗಳಿದ್ದು ಹೊಟ್ಟು."

ಓಡಿ ಬಂದು ಭಾವನಿಗೆ ಹೇಳಿದೆ. ಭಾವ ಬಿಳಿ ಅಂಗಿಯಲ್ಲೇ ಕಟ್ಟೆಯ ಮೇಲೆ ಕುಸಿದರು. ಆಚೆ ಗ್ಯಾಲರಿಯಲ್ಲಿ ಮೀನಾಕ್ಷಮ್ಮ ಬಂದು ಕೂತಿದ್ದರು, ಪಕ್ಕದಲ್ಲಿ ಬಟ್ಟೆ ಅಂಗಡಿಯ ತಂಗಿಯೂ ಇದ್ದರು. "ಜನ್ಮಕ್ಕೆ ಒಂದ್ಸಲ ಸತ್ಯ ಹೇಳ್ದೆ ಪೂರ್ಣೇಶ, ಅದೂ ಉಲ್ಟಾ ಹೊಡೀತು" ಎಂದರು ಭಾವ. ನಾನು ಸಚಿನ್‌ಗೆ ಹೋಗಿ ವಿವರಿಸುತ್ತೇನೆ ಎಂದೆ. "ಎಂಥ ವಿವರಿಸ್ತೀಯ? ಗಿರಿಯಪ್ಪ ಇದೇ ಒಂದ್ಸಲ ನಿಜ ಹೇಳಿದಾನೆ ಅಂತನಾ? ನಾನೇ ಆಗಿದ್ರೆ ನಂಬ್ತಿರ್ಲಿಲ್ಲ" ಎಂದರು. ಆ ಮಾತು ಸರಿಯಾಗಿಯೇ ಇತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಆಗಿತ್ತು. ಭಾವ ಹೊಗಳಿದ ಸುದ್ದಿ ಯಾರೋ ಆಶಾಗೂ ಮುಟ್ಟಿಸಿದ್ದರು. ಬೆಳಗಿನ ಮ್ಯಾಚಿನಲ್ಲಿ ಅವಳು ಎತ್ತಿದ ಚೆಂಡು ಒಂದು ಆಕಾಶಕ್ಕೆ, ಒಂದು ಪಾತಾಳಕ್ಕೆ. ಕಣ್ಣು ಚೆಂಡಿನ ಮೇಲಿರಲಿಲ್ಲ, ಪದೇ ಪದೇ ಭಾವನ ಕಡೆ ಬರುತ್ತಿತ್ತು. ಮ್ಯಾಚ್ ಸೋತೆವು. ನಾನು ನೀರಿನ ಬಾಟಲಿ ಕೊಡಲು ಹೋದರೆ ನನ್ನ ಮುಖ ನೋಡದೆ ಕೇಳಿದಳು:

"ಪೂರ್ಣೇಶಣ್ಣ, ಮಾಮ ನನ್ನ ಹೊಗಳಿದ್ರಂತೆ, ಹೌದಾ? ಅಂದ್ರೆ ನಾನು ಸಾಕಾದ್ನಾ ಅವ್ರಿಗೆ?"

ಮಧ್ಯಾಹ್ನ ಅಕ್ಕ ಬುತ್ತಿ ತಂದಳು, ಕಡುಬು ಮತ್ತು ಕೋಳಿಸಾರು. ಭಾವ ತಿನ್ನಲಿಲ್ಲ. ಸಾರಿಗೆ ಹೆಸರೂ ಇಡಲಿಲ್ಲ. ಅಕ್ಕ ಗಾಬರಿಯಾಗಿ ನನ್ನನ್ನು ಕೇಳಿದಳು, ನಾನು ನಡೆದದ್ದೆಲ್ಲ ಹೇಳಿದೆ. ಅಕ್ಕ ಸೊಂಟಕ್ಕೆ ಕೈಯಿಟ್ಟು ಗಂಡನ ಎದುರು ನಿಂತಳು.

"ನೀವು ಹುಟ್ಟಿದಾಗಿಂದ ಕೊಂಡಿದ್ದೇ ಕೊಂಡಿದ್ದು. ಒಂದು ದಿನ ಏನನ್ನಾದ್ರೂ ಮಾರಿದೀರಾ? ಮಾರಕ್ಕೆ ನಿಮಗೆಲ್ಲಿ ಬರ್ತದೆ?"

"ಮಾರೋರು ಹೊಗಳ್ತಾರೆ. ನಾನೂ ಹೊಗಳ್ದೆ."

"ಮಾರೋರು ಹೊಗಳಲ್ಲ. ಮನೆಗೆ ನಾಟಿ ಕೋಳಿ ಕೇಳ್ಕೊಂಡು ಬರ್ತಾರಲ್ಲ, ನಾನು ಯಾವತ್ತಾದ್ರೂ ಹೊಗಳಿದೀನಾ? ಯಾವ ಹುಂಜ ದಾಟಿಸ್ಬೇಕೋ ಅದರ ಎದ್ರಿಗೆ ನಿಂತು, ಇದೊಂದು ಬಿಟ್ಟು ಬೇರೆ ಯಾವ್ದಾದ್ರೂ ಹಿಡ್ಕೊಳ್ಳಿ, ಇದನ್ನ ಕೊಡಲ್ಲ ಅಂತೀನಿ. ಅದನ್ನೇ ಹೊತ್ಕೊಂಡು ಹೋಗ್ತಾರೆ. ಹೋಗಿ, ಬಾಯ್ತುಂಬ ಬಯ್ರಿ ಆ ಹುಡುಗಿಗೆ. ಆಮೇಲೆ ಕೊಡಲ್ಲ ಅನ್ನಿ. ನಿಮಗೆ ಬರೂದು ಅದೊಂದೇ."

ಭಾವ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಡುಬಿಗೆ ಕೈ ಹಾಕಿ, ಸಾರು ಸುರಿದುಕೊಂಡು, "ಕೋಳಿ ಬಲಿತಿದೆ" ಎಂದರು. ಅಕ್ಕನಿಗೆ ಜೀವ ಬಂತು.

ಮಧ್ಯಾಹ್ನದ ಮ್ಯಾಚು ಕನ್ನಪ್ಪನ ಸಾಗರ ತಂಡದ ಮೇಲೆ. ಮೊದಲ ಸೆಟ್ಟಿನಲ್ಲಿ ಆಶಾಳ ಕಣ್ಣು ಇನ್ನೂ ಭಾವನ ಕಡೆಗೇ ಬರುತ್ತಿತ್ತು. ಸೆಟ್ಟು ಹೋಯಿತು. ಎರಡನೆಯದು ಶುರುವಾಗುವಾಗ ಭಾವ ಬಿಳಿ ಅಂಗಿಯ ತೋಳು ಮಡಚಿ ಗೆರೆಯ ಅಂಚಿಗೆ ಬಂದು ನಿಂತರು. ಸಚಿನ್ ಅಲ್ಲೇ ಎರಡು ಕುರ್ಚಿ ಆಚೆ ಕೂತಿದ್ದ.

"ಏ ಬ್ಯಾಕೋಡಿನ ಮೊದ್ದು" ಎಂದು ಒಂದು ಕೂಗು ಹಾಕಿದರು. ಇಡೀ ಮೈದಾನ ಇತ್ತ ತಿರುಗಿತು. "ಕೈ ಎಂಥಕ್ಕೆ ಇಟ್ಕೊಂಡಿದೀಯ, ಚೆಂಡಿಗೆ ಆರತಿ ಎತ್ತಕ್ಕಾ? ನಿನ್ನಂಥವಳನ್ನ ಕಟ್ಕೊಂಡು ಎರಡು ವರ್ಷ ಮಣ್ಣು ತಿಂದೆ. ಸೊಟ್ಟಗಾಲಿ. ನಿನಗಿಂತ ನಮ್ಮನೆ ಎಮ್ಮೆ ಚೆನ್ನಾಗಿ ಎತ್ತಿಕೊಡ್ತಿತ್ತು."

ಆಶಾ ತಿರುಗಿ ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅಂಗಿಯ ತೋಳಲ್ಲಿ ಮೂಗೊರೆಸಿಕೊಂಡು ಚೆಂಡಿನ ಕಡೆ ತಿರುಗಿದಳು, ಮತ್ತೆ ಈ ಕಡೆ ತಿರುಗಲಿಲ್ಲ. ಎತ್ತಿಕೊಟ್ಟ ಚೆಂಡೆಲ್ಲ ಮೇಘನಾಳ ಕೈಗೆ ನೇರ ಹೋಗಿ ಕೂರತೊಡಗಿತು. ಭಾವ ಬಯ್ಯುತ್ತಲೇ ಇದ್ದರು. ಹೊಸ ಹೊಸ ಬಯ್ಗುಳ ಹುಟ್ಟಿಸಿದರು, ಅವಳ ಮೂಗು, ಜಡೆ, ಊರಿನ ಲಾಂಚು, ಏನನ್ನೂ ಬಿಡಲಿಲ್ಲ. ಗ್ಯಾಲರಿಯಲ್ಲಿ ಅಂಗಡಿಯ ತಂಗಿ ಸಿಟ್ಟಿನಿಂದ ಎದ್ದು ನಿಂತರೆ ಮೀನಾಕ್ಷಮ್ಮ ಅವರ ಸೆರಗು ಹಿಡಿದು ಕೂರಿಸಿದರು. ಮ್ಯಾಚ್ ಗೆದ್ದೆವು.

ಸಚಿನ್ ಟ್ಯಾಬ್ ಬಗಲಿಗಿಟ್ಟು ನಿಧಾನಕ್ಕೆ ಬಂದ. ಪತ್ತೇದಾರನ ನಗು.

"ಏನ್ ಸಾರ್, ಬೆಳಿಗ್ಗೆ ಆಶಾ ಒಳ್ಳೆ ಹುಡುಗಿ ಅಂದಿದ್ರಿ?"

ಭಾವ ತಬ್ಬಿಬ್ಬಾದವರಂತೆ ನಿಂತರು. "ಅದು... ಬೆಳಿಗ್ಗೆ ಏನೋ ಬಾಯ್ತಪ್ಪಿ ಬಂತು. ಅವಳು ಯಾವ ಕೆಲ್ಸಕ್ಕೂ ಬರಲ್ಲ. ನೀವು ಮೇಘನಾನ ತಗಂಡೋಗಿ."

"ಆಶಾನ್ನ ಕಳಿಸಿಕೊಡಿ ಅಂದ್ರೆ?"

"ಕೊಡಲ್ಲ."

"ಕೆಲಸಕ್ಕೆ ಬಾರದ ಹುಡುಗಿನ್ನ ಯಾಕೆ ಇಟ್ಕೊಳ್ತೀರಿ ಸಾರ್?"

ಭಾವ ಮಡಚಿದ್ದ ಅಂಗಿಯ ತೋಳು ಬಿಚ್ಚತೊಡಗಿದರು. ಸಚಿನ್‌ಗೆ ಉತ್ತರ ಬೇಕಾಗಿರಲಿಲ್ಲ. ಹೋಗಿ ಮೀನಾಕ್ಷಮ್ಮನ ಎದುರು ಕೈಮುಗಿದು ಕೂತ. ಆಮೇಲೆ ಕನ್ನಪ್ಪ ನನ್ನ ಬೆನ್ನು ತಟ್ಟಿ, "ಬೆಳಿಗ್ಗೆ ಹೊಗಳಿ, ಮಧ್ಯಾಹ್ನ ಬೈದು, ಹುಡುಗನ ತಲೆ ಕೆಡಿಸಕ್ಕೆ ನೋಡಿದ್ರಿ. ನನ್ ಮಾತು ಕೇಳಿ ಹುಡುಗ ಬಚಾವಾದ. ನಿಮ್ ಲಿಫ್ಟರ್ ಹೋದ್ಲಲ್ಲ ಪಾಪ" ಎಂದ. ನಾನು ಆದಷ್ಟು ಸಪ್ಪೆ ಮುಖ ಮಾಡಿದೆ. ಭಾವನ ಮುಖವೂ ಸಪ್ಪೆ ಇತ್ತು. ನಾನು ಹತ್ತಿರ ಹೋಗಿ, "ಸಾಕು ಭಾವ, ಕನ್ನಪ್ಪ ಹೋದ, ಇನ್ನು ನಗ್ಬಹುದು" ಎಂದು ಪಿಸುಗುಟ್ಟಿದೆ. ಅವರು ನಗಲಿಲ್ಲ. ಅದು ನಟನೆ ಅಲ್ಲ ಎಂದು ನನಗೆ ಆಗ ಗೊತ್ತಾಯಿತು.

ಬೆಂಗಳೂರು ಬಸ್ಸು ಹತ್ತುವ ದಿನ ಆಶಾ ಭಾವನ ಕಾಲಿಗೆ ಬಿದ್ದಳು. "ಮಾಮ, ಈಗ ಯಾರೂ ಇಲ್ಲ. ಹೆದರಲ್ಲ ನಾನು. ಒಂದೇ ಒಂದು ಒಳ್ಳೆ ಮಾತು ಹೇಳಿ" ಎಂದಳು. ಭಾವ ಬಸ್ಸಿನ ಟೈರು ನೋಡಿದರು. "ಜಡೆ ಸರಿಯಾಗಿ ಕಟ್ಕೋ, ಕತ್ತೆ" ಎಂದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು.

ಮೇಘನಾ ನಮ್ಮಲ್ಲೇ ಆಡುತ್ತಿದ್ದಾಳೆ. ಅವಳಿಗೆ ಪೊಲೀಸ್ ಕೆಲಸದ ಮೇಲೆ ಕಣ್ಣು, ದೈಹಿಕ ಪರೀಕ್ಷೆ ಪಾಸಾಗಿದೆ. ದುರುಗುಟ್ಟಿ ನೋಡುವುದು ಅಲ್ಲಿ ಉಪಯೋಗಕ್ಕೆ ಬಂದೀತು ಎಂದು ಅಕ್ಕ ಹೇಳುತ್ತಾಳೆ.

ಮೊನ್ನೆ ಭಾವ ಜಯಪ್ಪ ಎಂಬುವರ ತೋಟ ನೋಡಲು ಹೋಗುವಾಗ ನನ್ನನ್ನೂ ಕಾರು ಓಡಿಸಲು ಕರೆದರು. ತೋಟ ಒಳ್ಳೆಯದು, ಹಾಗಾಗಿ ಭಾವ ಒಳಗೆ ಕಾಲಿಡುವಾಗಲೇ ಹೆಣದ ಮನೆಯ ಮುಖ ಮಾಡಿಕೊಂಡಿದ್ದರು. ಜಯಪ್ಪನವರು ಪಕ್ಕದಲ್ಲೇ ಇದ್ದರು. ನಡುತೋಟದಲ್ಲಿ ಫೋನ್ ಬಡಿಯಿತು. ಆಶಾ. ಭಾವನಿಗೆ ಫೋನ್ ಕಿವಿಗಿಟ್ಟುಕೊಂಡು ಅಭ್ಯಾಸವಿಲ್ಲ, ಸ್ಪೀಕರ್ ಹಾಕಿ ಅಂಗೈಯಲ್ಲಿ ಹಿಡಿದರು.

"ಮಾಮ, ನಾಳೆ ನಂಗೆ ಮೊದಲ್ನೇ ಮ್ಯಾಚು. ದೊಡ್ಡ ಕೋರ್ಟು, ಟಿ.ವಿ.ಯಲ್ಲಿ ಬರ್ತದಂತೆ."

"ಹೂಂ."

"ಇಲ್ಲಿ ಎಲ್ರೂ ಒಳ್ಳೇವ್ರು. ತಪ್ಪು ಮಾಡಿದ್ರೂ ಗುಡ್ ಗುಡ್ ಅಂತಾರೆ. ಚೆನ್ನಾಗಿ ಆಡಿದ್ರೂ ಗುಡ್ ಗುಡ್ ಅಂತಾರೆ." ದನಿ ಸಣ್ಣದಾಯಿತು. "ನಾನು ಹ್ಯಾಂಗೆ ಆಡ್ತಿದೀನಿ ಅಂತನೇ ಗೊತ್ತಾಗ್ತಿಲ್ಲ ಮಾಮ. ಭಯ ಆಗ್ತದೆ. ಸ್ವಲ್ಪ ಬಯ್ತೀರಾ?"

ಭಾವ ಫೋನ್ ಹಿಡಿದು ಒಂದು ಮರದ ಕಡೆ ಮುಖ ತಿರುಗಿಸಿದರು. ಆಮೇಲೆ ಶುರು ಮಾಡಿದರು. ಮೊದ್ದು ಎಂದರು, ಸೊಟ್ಟಗಾಲಿ ಎಂದರು, ಟಿ.ವಿ.ಯಲ್ಲಿ ನಿನ್ನ ಮುಖ ನೋಡುವ ಕರ್ಮ ನಮಗೆ ಎಂದರು, ಬಲಗಾಲು ಮುಂದೆ ಇಡದೆ ಹೋದರೆ ಅಲ್ಲಿಗೇ ಬಂದು ಮುರಿಯುತ್ತೇನೆ ಎಂದರು, ಊಟ ಸರಿಯಾಗಿ ಮಾಡದೆ ಸಾಯಬೇಡ ಎಂದರು. ಬಯ್ಯುತ್ತಾ ಬಯ್ಯುತ್ತಾ ಅವರ ದನಿ ಒಡೆಯಿತು, ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಸೇರಿತು, ಬಯ್ಗುಳ ಮಾತ್ರ ನಿಲ್ಲಲಿಲ್ಲ. ಆ ಕಡೆಯಿಂದ ಹುಡುಗಿ ಮೂಗೆಳೆದುಕೊಂಡು ನಗುವುದು ಕೇಳಿಸುತ್ತಿತ್ತು.

"ಸಾಕು ಮಾಮ. ಇಡ್ಲಾ?"

"ಇಡು, ಕತ್ತೆ."

ಭಾವ ಟವೆಲಿನಲ್ಲಿ ಮುಖವೆಲ್ಲ ಒರೆಸಿಕೊಂಡು ಜಯಪ್ಪನವರ ಕಡೆ ತಿರುಗಿದರು. ಮನಸ್ಸು ಇನ್ನೂ ಅಲ್ಲೇ ಇತ್ತೆಂದು ಕಾಣುತ್ತದೆ, ಧಂದೆಯ ಕಟ್ಟಳೆ ಮರೆತೇಹೋಗಿತ್ತು. "ಭಾಳ ಚೆನ್ನಾಗಿದೆ ಜಯಪ್ಪ ನಿಮ್ಮ ತೋಟ. ಇಂಥ ತೋಟ ನಾನು ನೋಡೇ ಇಲ್ಲ" ಎಂದರು.

ಜಯಪ್ಪನವರ ಮುಖದ ಬಣ್ಣ ಇಳಿಯಿತು. ಅವರು ಗಾಬರಿಯಿಂದ ಕತ್ತೆತ್ತಿ, ಮರದಿಂದ ಮರಕ್ಕೆ ಹೋಗಿ, ಒಂದೊಂದೇ ಕೊನೆಯನ್ನು ನೋಡತೊಡಗಿದರು.